ಗುಂಡು ಲೈಬ್ರರಿಯ ದೇವರು

ನಟರಾಜ್ ಬೆಳಿಗ್ಗೆ ಲೈಬ್ರರಿಯ ಬೀಗ ತೆಗೆಯುವ ಮೊದಲು ಮಾಡುತ್ತಿದ್ದ ಕೆಲಸ ಕುಂಕುಮ ಒರೆಸುವುದು. ಟಿ. ನರಸೀಪುರದಲ್ಲಿ ಹೊಳೆಗೆ ಇಳಿಯುವ ರಸ್ತೆಯಲ್ಲಿದೆ ಆ ವಾಚನಾಲಯ. ಅವನು ನಂಜನಗೂಡಿನ ಬಸ್ಸಿಳಿದು ಬರುವುದರೊಳಗೆ ಯಾರಾದರೂ ಮೆಟ್ಟಿಲ ಪಕ್ಕದ ಕಲ್ಲುಕಂಬಕ್ಕೆ ಕುಂಕುಮ ಹಚ್ಚಿ, ಎರಡು ಹೂವು ಸಿಕ್ಕಿಸಿ ಹೋಗಿರುತ್ತಿದ್ದರು. ಅಮಾವಾಸ್ಯೆಯಾದರೆ ಕೇಳಲೇಬೇಡಿ: ಕಾಯಿ ಚಿಪ್ಪು, ಊದುಬತ್ತಿಯ ಕಡ್ಡಿ, ಕರ್ಪೂರದ ಮಸಿ, ಎಲ್ಲವೂ. ಅವನು ಬ್ಯಾಗನ್ನು ಜಗಲಿಯ ಮೇಲಿಟ್ಟು, ಬಕೆಟ್ಟಿಗೆ ನೀರು ತುಂಬಿಕೊಂಡು, ಹಳೆ ಬಟ್ಟೆಯಲ್ಲಿ ಕಂಬ ಉಜ್ಜುತ್ತಿದ್ದ. ಎದುರಿನ ಟೀ ಅಂಗಡಿಯವನು ‘ಪೂಜೆ ಆಯ್ತಾ ಪೂಜಾರಪ್ಪ?’ ಎಂದು ಕೂಗುತ್ತಿದ್ದ. ಮನೆಯಲ್ಲಿ ಬುದ್ಧನ ಪಟ ಇಟ್ಟುಕೊಂಡ ಮನುಷ್ಯನಿಗೆ ಊರು ಕೊಟ್ಟ ಹೆಸರು ಅದು. ನಟರಾಜ್ ಬೇಜಾರು ಮಾಡಿಕೊಂಡವನಲ್ಲ. ‘ಆಯ್ತು, ತೀರ್ಥ ಕಳ್ಸಪ್ಪ’ ಎಂದರೆ ಒಂದು ಟೀ ಬರುತ್ತಿತ್ತು.

ಜನರನ್ನು ಬಯ್ಯುವಂತೆಯೂ ಇಲ್ಲ. ಕಟ್ಟಡ ಇರುವುದೇ ಹಾಗೆ. ಸ್ವಾತಂತ್ರ್ಯ ಬಂದ ಹೊಸದರಲ್ಲಿ ಊರಿನವರು ಒಂದು ವಾಚನಾಲಯ ಸಂಘ ಮಾಡಿಕೊಂಡು, ಮೈಸೂರಿನ ಒಬ್ಬ ಎಂಜಿನಿಯರರಿಂದ ನಕ್ಷೆ ಬರೆಸಿ ಕಟ್ಟಿಸಿದ್ದು. ಆ ಪುಣ್ಯಾತ್ಮನಿಗೆ ಮೂಲೆಗಳೆಂದರೆ ಆಗುತ್ತಿರಲಿಲ್ಲವೋ ಏನೋ, ಇಡೀ ಕಟ್ಟಡಕ್ಕೆ ಒಂದು ಮೂಲೆಯಿಲ್ಲ. ಗುಂಡಗಿನ ಹಾಲ್, ಅದರ ಸುತ್ತ ಗುಂಡಗಿನ ಜಗಲಿ, ಒಂದರ ಮೇಲೊಂದು ಕೂತ ಎರಡು ಹಂತದ ಹೆಂಚಿನ ಮಾಡು, ಎರಡು ಹಂತಗಳ ನಡುವೆ ಸುತ್ತಲೂ ಗಾಜು. ಬೆಳಗಿನಿಂದ ಸಂಜೆಯವರೆಗೆ ಬೆಳಕು ಒಳಗೆ ಬರುತ್ತದೆ, ಬಿಸಿಲು ಹೊರಗೇ ಉಳಿಯುತ್ತದೆ. ನೆತ್ತಿಯ ಮೇಲೆ ಬಿಸಿಗಾಳಿ ಹೋಗಲೆಂದು ಒಂದು ತಾಮ್ರದ ಗೂಡಿದೆ. ದೂರದಿಂದ ನೋಡಿದವರಿಗೆ ಅದು ಕಳಸವೇ. ಸಂಗಮದಲ್ಲಿ ಮೀಯಲು ಬರುವ ಹಳ್ಳಿಯವರು ಬಸ್ಸಿನ ಕಿಟಕಿಯಿಂದಲೇ ಕೈ ಮುಗಿಯುತ್ತಾರೆ. ನಡೆದು ಬಂದವರು ಚಪ್ಪಲಿ ಕಳಚಿಟ್ಟು ಒಂದು ಸುತ್ತು ಹಾಕಿಯೇ ಬಿಡುತ್ತಾರೆ. ನಟರಾಜ್ ಬಾಗಿಲಿಗೆ ಬಂದು, ‘ಅವ್ವಾ, ಚಪ್ಲಿ ಬುಡ್ಬ್ಯಾಡ, ಹಾಕ್ಕೊಂಡೇ ಬಾ. ಇಲ್ಲಿ ದೇವ್ರಿಲ್ಲ, ಪೇಪರ್ ಅದೆ, ಕೂತ್ಕೊ’ ಎನ್ನುತ್ತಿದ್ದ. ಕೆಲವರು ನಗುತ್ತಿದ್ದರು. ಕೆಲವರು ಅವನ ಮಾತಿಗೆ ಬೆಚ್ಚಿ, ಕೆನ್ನೆ ಬಡಿದುಕೊಂಡು, ಇನ್ನೊಂದು ಸುತ್ತು ಹೆಚ್ಚಿಗೆ ಹಾಕುತ್ತಿದ್ದರು.

ಹಾಲ್‌ನ ನಡುವೆ ಒಂದು ದೊಡ್ಡ ಗುಂಡುಮೇಜು. ಓದಬೇಕೆನ್ನುವವರೆಲ್ಲ ಅದರ ಸುತ್ತಲೇ ಕೂರಬೇಕು, ಬೇರೆ ಮೇಜಿಲ್ಲ. ನಟರಾಜನ ಅಪ್ಪ ದೊಡ್ಡಮಾದಯ್ಯ ತಾಂಡವಪುರದವನು, ಇಟ್ಟಿಗೆ ಗೂಡಿನ ಕೆಲಸಕ್ಕೆಂದು ನರಸೀಪುರಕ್ಕೆ ಬಂದವನು. ಅವನ ಊರಿನಲ್ಲಿ ಟೀ ಕುಡಿಯಲಿಕ್ಕೂ ಬೇರೆ ಲೋಟ, ಬೇರೆ ಜಾಗ ಇದ್ದ ಕಾಲ ಅದು. ಈ ಮೇಜಿಗೆ ಮೇಲುಗಡೆ ಯಾವುದು, ಕೆಳಗಡೆ ಯಾವುದು ಎಂದು ತಿಳಿಯದೆ ದೊಡ್ಡಮಾದಯ್ಯ ಮೊದಲ ದಿನ ಸುಮ್ಮನೆ ನಿಂತಿದ್ದನಂತೆ. ಆಮೇಲೆ ಕೂತ. ಪಕ್ಕದಲ್ಲಿದ್ದ ಗುಮಾಸ್ತರನ್ನು ‘ಇದೇನಕ್ಷರ ಸಾಮಿ?’ ಎಂದು ಕೇಳಿ ಕೇಳಿಯೇ ಪೇಪರು ಓದುವುದನ್ನು ಕಲಿತ. ಮಗನಿಗೆ ಇಲ್ಲಿ ಕೆಲಸ ಸಿಕ್ಕಿದಾಗ ಅವನು ಕುಣಿದಾಡಿದ್ದು ಸಂಬಳಕ್ಕಲ್ಲ. ‘ಮೇಜು ಚೆಂದಾಗಿ ನೋಡ್ಕೊಳ್ಳಾ’ ಎಂದಿದ್ದ. ನಟರಾಜ್ ಮೂವತ್ತು ವರ್ಷಕ್ಕೂ ಮೇಲ್ಪಟ್ಟು ನೋಡಿಕೊಂಡ. ಮದುವೆಯಾಯಿತು, ನಂಜನಗೂಡಿನಲ್ಲಿ ಒಂದು ಸಣ್ಣ ಮನೆಯಾಯಿತು, ಮಗಳು ಕವನ ಅಲ್ಲಿನ ಫ್ಯಾಕ್ಟರಿಯೊಂದರಲ್ಲಿ ಕೆಲಸಕ್ಕೆ ಸೇರಿದಳು, ತಲೆ ನರೆಯಿತು. ಬಸ್ಸು ಮಾತ್ರ ಅದೇ.

ಇಂಥ ಜಾಗದ ಮೇಲೆ ಬಿಲ್ಡರುಗಳ ಕಣ್ಣು ಇಷ್ಟು ತಡವಾಗಿ ಬಿದ್ದದ್ದೇ ಆಶ್ಚರ್ಯ. ಹೊಳೆಯ ದಾರಿ, ವರ್ಷವಿಡೀ ಯಾತ್ರಿಕರು. ಮೈಸೂರಿನ ಒಂದು ಕಂಪನಿಯ ಪರವಾಗಿ ಊರಿನ ಹುಡುಗನೇ ಆದ ಜಗನ್ ಬಣ್ಣದ ಚಿತ್ರ ಹಿಡಿದು ಬಂದ. ಕೆಳಗೆ ಅಂಗಡಿ ಸಾಲು, ಮೇಲೆ ಲಾಡ್ಜು, ಎಲ್ಲಕ್ಕೂ ಮೇಲೆ ‘ಅತ್ಯಾಧುನಿಕ ಗ್ರಂಥಾಲಯ’. ಚಿತ್ರದಲ್ಲಿ ಅದು ಒಂದು ಕಿಟಕಿಯಷ್ಟಿತ್ತು. ಜಗನ್ ಕೆಟ್ಟವನೇನಲ್ಲ. ಎಸ್ಸೆಸ್ಸೆಲ್ಸಿಗೆ ಇದೇ ಮೇಜಿನ ಮೇಲೆ ಓದಿದವನು. ‘ನಟರಾಜಣ್ಣ, ಹೆಂಚು ಸೋರ್ತಾ ಅದೆ, ಗೆದ್ಲು ಹಿಡ್ದದೆ. ಇದು ಇನ್ನೆಷ್ಟು ದಿನ ನಿಂತದು? ಎಸಿ ಹಾಕ್ಸಿ ಕೊಡ್ತೀವಿ ಕಣಣ್ಣ’ ಎಂದು ನಿಜವಾಗಿ ನಂಬಿಯೇ ಹೇಳುತ್ತಿದ್ದ. ನಂಬಿ ಕೆಡವುವವರನ್ನು ತಡೆಯುವುದು ಇನ್ನೂ ಕಷ್ಟ.

ಕಟ್ಟಡ ಸಂಘದ್ದು. ಕೆಡವಬೇಕಾದರೆ ಸದಸ್ಯರ ಮಹಾಸಭೆಯಲ್ಲಿ ಹೆಚ್ಚು ಕೈಗಳು ಮೇಲೇಳಬೇಕು. ಇದು ಎಲ್ಲರಿಗೂ ಗೊತ್ತಿದ್ದ ಮಾತು, ಜಗನ್‌ಗೂ ಗೊತ್ತಿತ್ತು. ಹಳೆಯ ಸದಸ್ಯರಲ್ಲಿ ಸತ್ತವರು ಸತ್ತಿದ್ದರು, ಉಳಿದವರು ಮಕ್ಕಳ ಜೊತೆ ಮೈಸೂರು ಸೇರಿದ್ದರು. ಹೊಸದಾಗಿ ಸೇರಿದವರೆಲ್ಲ ಜಗನ್‌ನ ಸ್ನೇಹಿತರು. ಸಂಘದ ಅಧ್ಯಕ್ಷರಾದ ಚಿಕ್ಕಬಸಪ್ಪನವರು ಪೇಟೆಯಲ್ಲಿ ಹಾರ್ಡ್‌ವೇರ್ ಅಂಗಡಿ ಇಟ್ಟವರು, ಹಣೆ ತುಂಬ ವಿಭೂತಿ, ಬಾಯಿ ತುಂಬ ಮಾತು. ಈ ಕಟ್ಟಡ ಅವರಿಗೆ ಪ್ರಾಣ. ಅವರ ತಂದೆ ಇದರ ಕಲ್ಲುಗಳನ್ನು ತಮ್ಮ ಸ್ವಂತ ಗಾಡಿಯಲ್ಲಿ ಹೊಡೆಸಿಕೊಟ್ಟವರು. ಒಂದು ಮಧ್ಯಾಹ್ನ ಅವರು ಬಂದು, ಕೈ ಲೆಕ್ಕ ಹಾಕಿ, ಸೋಲುವುದೇ ಗ್ಯಾರಂಟಿ ಎಂದು ತಿಳಿದು, ದನಿ ತಗ್ಗಿಸಿದರು.

‘ನಟರಾಜು, ಒಂದೇ ದಾರಿ ಇರೋದು. ನೀನು ಕುಂಕುಮ ಒರ್ಸೋದು ನಿಲ್ಸು.’

‘ಅಂದ್ರೆ ಸಾ?’

‘ನೀನೇನೂ ಮಾಡ್ಬೇಡ ಕಣಯ್ಯ. ಸುಮ್ನಿರು ಅಷ್ಟೇ. ಮಿಕ್ಕಿದ್ದು ಜನ ಮಾಡ್ಕೋತಾರೆ. ಲೈಬ್ರರಿ ಕೆಡವೋಕೆ ಯಾವನು ಬೇಕಾದ್ರೂ ಬರ್ತಾನೆ. ದೇವಸ್ಥಾನದ ಮುಂದೆ ಜೆಸಿಬಿ ನಿಲ್ಸೋ ಗಂಡ್ಸು ಈ ತಾಲೂಕಲ್ಲಿ ಹುಟ್ಟಿಲ್ಲ.’

ನಟರಾಜ್ ಆ ದಿನ ಬಸ್ಸಿನಲ್ಲಿ ಸುತ್ತೂರು ದಾಟುವವರೆಗೂ ಅದನ್ನೇ ಯೋಚಿಸಿದ. ಮೋಸ ಅನ್ನಿಸಿತು. ಆದರೆ ಯಾರಿಗೆ ಮಾಡಿದ ಮೋಸ ಎಂದು ಕೇಳಿಕೊಂಡರೆ ಉತ್ತರ ಹೊಳೆಯಲಿಲ್ಲ. ಮನೆಯಲ್ಲಿ ತಾಯಿ ಮಹದೇವಮ್ಮನಿಗೆ ಹೇಳಿದ. ಆಕೆ ಬುದ್ಧನಿಗೂ ಹೂವಿಡುತ್ತಾಳೆ, ಸೋಮವಾರ ನಂಜುಂಡೇಶ್ವರನಿಗೂ ಕೈ ಮುಗಿದು ಬರುತ್ತಾಳೆ, ಇಬ್ಬರೂ ಇದುವರೆಗೆ ತಕರಾರು ತೆಗೆದಿಲ್ಲ. ‘ಪುಸ್ತಕದ್ ಮನೆ ಉಳೀತದೆ ಅಂದ್ರೆ ಒಂಚೂರು ಕುಂಕ್ಮ ಇದ್ರೇನ್ಲಾ? ಬುಡು ಅತ್ಲಾಗೆ’ ಎಂದಳು. ಮಾರನೆಯ ದಿನ ನಟರಾಜ್ ಕಂಬದ ಮುಂದೆ ಬಕೆಟ್ ಹಿಡಿದು ಸ್ವಲ್ಪ ಹೊತ್ತು ನಿಂತ. ಆಮೇಲೆ ಆ ನೀರನ್ನು ಹಿತ್ತಲ ನುಗ್ಗೆಗಿಡಕ್ಕೆ ಸುರಿದು, ಬಾಗಿಲು ತೆಗೆದ.

ಚಿಕ್ಕಬಸಪ್ಪನವರು ಸುಳ್ಳು ಹೇಳಿರಲಿಲ್ಲ. ವಾರ ಕಳೆಯುವುದರೊಳಗೆ ಕಂಬ ಕೆಂಪಾಯಿತು. ಹೊಳೆದಾರಿಯಲ್ಲಿ ಹಣ್ಣುಕಾಯಿ ಮಾರುವ ಮಲ್ಲಾಜಮ್ಮ ಹೊಳೆಯಿಂದ ನುಣ್ಣಗಿನ ಒಂದು ಕಲ್ಲು ತಂದು ಜಗಲಿಯ ಗೂಡಿನಲ್ಲಿಟ್ಟು ದೀಪ ಹಚ್ಚಿದಳು. ಯಾರೋ ಗಂಟೆ ಕಟ್ಟಿದರು. ಯಾರೋ ಪಕ್ಕದ ಹಳ್ಳಿಯವನು ಪಂಚೆ ಉಟ್ಟು ಬಂದು, ನಾನೇ ಪೂಜೆ ಮಾಡುತ್ತೇನೆ ಎಂದು ಕೂತುಬಿಟ್ಟ. ಬಾಗಿಲ ಪಕ್ಕ ‘ಪಾದರಕ್ಷೆಗಳನ್ನು ಹೊರಗೆ ಬಿಡಿ’ ಎಂಬ ಬೋರ್ಡು ಬಂತು, ಚಿಕ್ಕಬಸಪ್ಪನವರ ಅಂಗಡಿಯ ಪೇಯಿಂಟಿನಲ್ಲೇ ಬರೆದದ್ದು. ಜಗನ್ ಒಂದು ಸಂಜೆ ಬಂದವನು ಗಂಟೆ ನೋಡಿದ, ಬೋರ್ಡು ನೋಡಿದ, ತಾನೂ ಚಪ್ಪಲಿ ಕಳಚಿ ಕೈ ಮುಗಿದ. ಅವನ ಮುಖ ಸಪ್ಪಗಾಗಿತ್ತು. ಕಂಪನಿಯವರು ಫೋನೆತ್ತುತ್ತಿಲ್ಲ ಎಂದು ಟೀ ಅಂಗಡಿಯಲ್ಲಿ ಸುದ್ದಿ. ನಟರಾಜನಿಗೆ ಸಂತೋಷವಾಯಿತು. ಸುಳ್ಳೇಕೆ, ತುಂಬಾ ಸಂತೋಷವಾಯಿತು.

ಆ ಸಂತೋಷಕ್ಕೆ ಮೊದಲ ಗುದ್ದು ಕೊಟ್ಟವಳು ಚೈತ್ರ. ಡಿಗ್ರಿ ಮುಗಿಸಿ ಪೊಲೀಸ್ ಪರೀಕ್ಷೆಗೆ ಓದುತ್ತಿದ್ದ ಹುಡುಗಿ, ಒಂದು ದಿನವೂ ತಪ್ಪಿಸಿದವಳಲ್ಲ. ಆವತ್ತು ರಸ್ತೆಯಲ್ಲೇ ನಿಂತು, ‘ಸಾರ್, ಆ ಜನರಲ್ ನಾಲೆಡ್ಜ್ ಪುಸ್ತಕ ಇಲ್ಲಿಗೇ ಕೊಡ್ತೀರಾ?’ ಎಂದಳು.

‘ಯಾಕಮ್ಮ, ಒಳಗ್ ಬಾ.’

‘ಇಲ್ಲ ಸಾರ್. ಇವತ್ತು... ಇನ್ನೊಂದ್ ನಾಕ್ ದಿನ ಬರಂಗಿಲ್ಲ.’

ಅವನಿಗೆ ಅರ್ಥವಾಗಲು ಹೊತ್ತು ಹಿಡಿಯಿತು. ಅರ್ಥವಾದಾಗ ಮುಖ ಬಿಸಿಯಾಯಿತು. ಪುಸ್ತಕ ತಂದುಕೊಟ್ಟ. ಅವಳು ಎದುರಿನ ಅಂಗಡಿಯ ಕಟ್ಟೆಯ ಮೇಲೆ ಬಿಸಿಲಿಗೆ ಕಣ್ಣು ಕಿರಿದು ಮಾಡಿಕೊಂಡು ಓದಿದಳು. ಅವನು ಒಳಗೆ ಕೂತು, ಕಟ್ಟಡ ಉಳಿಯಲಿ, ಆಮೇಲೆ ಎಲ್ಲ ಸರಿಮಾಡೋಣ ಎಂದು ತನಗೆ ತಾನೇ ಸಮಾಧಾನ ಹೇಳಿಕೊಂಡ.

ಎರಡನೆಯದಕ್ಕೆ ಸಮಾಧಾನ ಸಿಗಲಿಲ್ಲ. ಕರಿಯಯ್ಯ ಅವನಪ್ಪನ ಜೊತೆ ಇಟ್ಟಿಗೆ ಗೂಡಿನಲ್ಲಿ ದುಡಿದ ಮುದುಕ, ನಟರಾಜನಿಗೆ ಮಾವನ ವರಸೆ. ದಿನಾ ಬಂದು ಪೇಪರನ್ನು ಮೊದಲಿಂದ ಕೊನೆಯವರೆಗೆ, ಟೆಂಡರು ಜಾಹೀರಾತನ್ನೂ ಬಿಡದೆ, ಪಕ್ಕದವರಿಗೆಲ್ಲ ಕೇಳುವಂತೆ ಗಟ್ಟಿಯಾಗಿ ಓದುವವನು. ಅವನ ಓದಿನ ಮೇಲೆ ದೂರುಗಳೂ ಬರುತ್ತಿದ್ದವು. ಮೊಮ್ಮಗಳ ಬಾಣಂತನಕ್ಕೆಂದು ಬದನವಾಳಿಗೆ ಹೋಗಿದ್ದವನು ಕೆಲವು ದಿನದ ಮೇಲೆ ಹಿಂದಿರುಗಿ ಬಂದ. ಮೆಟ್ಟಿಲ ಕೆಳಗೆ ನಿಂತ. ಬೋರ್ಡಿನಲ್ಲಿ ಹೇಳಿದಂತೆ ಚಪ್ಪಲಿ ಕಳಚಿ ಅಲ್ಲಿಡಲಿಲ್ಲ, ಎರಡನ್ನೂ ಕೈಯಲ್ಲಿ ಹಿಡಿದುಕೊಂಡು, ಮೈ ಸ್ವಲ್ಪ ಕುಗ್ಗಿಸಿ, ಬದಿಗೆ ಸರಿದು ನಿಂತ. ಆ ನಿಲುವನ್ನು ನಟರಾಜ್ ಚಿಕ್ಕಂದಿನಲ್ಲಿ ಬಹಳ ಸಲ ಕಂಡಿದ್ದ. ಇಲ್ಲಿ ಕಂಡಿರಲಿಲ್ಲ.

‘ಮಗಾ, ಇವತ್ತಿನ್ ಪೇಪರ್ ಇಲ್ಲೇ ಕೊಡ್ಲಾ. ಓದಿ ಕೊಟ್ಬುಡ್ತೀನಿ.’

‘ಯಾಕ್ ಮಾವ? ಒಳಿಕ್ ಬಾ.’

‘ಬ್ಯಾಡ ಬುಡು. ದೇವ್ರು ಕೂತವ್ನೆ ಅಂದ್ರು.’

‘ಯಾರಾದ್ರೂ ಬರ್ಬ್ಯಾಡ ಅಂದ್ರಾ?’

‘ಯಾರೂ ಏನೂ ಅನ್ನಿಲ್ಲ ಕಣ್ಲಾ. ಅನ್ನೋಗಂಟ ಯಾಕ್ ಇರ್ಬೇಕು?’ ಎಂದು ನಕ್ಕ ಕರಿಯಯ್ಯ. ಬೇಸರವೇನೂ ಇಲ್ಲದ ನಗು. ಹೊಸ ರಸ್ತೆ ಬಂದಾಗ ದಾರಿ ಬದಲಿಸುವವರು ನಗುವಷ್ಟೇ.

ನಟರಾಜ್ ಪೇಪರು ತಂದುಕೊಟ್ಟ. ಮೆಟ್ಟಿಲ ಮೇಲಿಂದ ಕೆಳಕ್ಕೆ, ಬಗ್ಗಿ, ಒಬ್ಬ ಮನುಷ್ಯನಿಗೆ ಪೇಪರು ಕೊಟ್ಟಿದ್ದ ತಾನು. ಅವನು ಒಳಗೆ ಹೋಗಿ ಬೀರುಗಳ ಹಿಂದೆ ನಿಂತು ಅತ್ತ. ಕುಂಕುಮ ಒರೆಸುವುದು ನಿಲ್ಲಿಸಿದ ತನ್ನ ಮೇಲೆ ಸಿಟ್ಟು ಬಂತು. ಯಾರಿಗೆ ಮಾಡಿದ ಮೋಸ ಎಂದು ಬಸ್ಸಿನಲ್ಲಿ ಕೇಳಿಕೊಂಡಿದ್ದನಲ್ಲ, ಆ ಮನುಷ್ಯ ಹೊರಗೆ ಬಿಸಿಲಿನಲ್ಲಿ ನಿಂತು, ಯಾರಿಗೂ ಕೇಳಿಸದಷ್ಟು ಮೆಲ್ಲಗೆ, ಪೇಪರು ಓದುತ್ತಿದ್ದ.

ಸಂಜೆ ಚಿಕ್ಕಬಸಪ್ಪನವರ ಅಂಗಡಿಗೆ ಹೋದ. ಅವರು ಮೊಳೆ ತೂಗುತ್ತಿದ್ದರು.

‘ಸಾ, ದೇವ್ರು ಬ್ಯಾಡ. ಕಳ್ಸುಬುಡಾಣ.’

‘ತಲೆ ಕೆಟ್ಟಿದ್ಯಾ ನಿಂಗೆ? ಗೆದ್ದಿದೀವಿ ಕಣಯ್ಯ!’

‘ಗೆದ್ದದ್ದು ಲೈಬ್ರರಿ ಅಲ್ಲ ಸಾ. ಲೈಬ್ರರಿ ಆಗ್ಲೇ ಹೋಯ್ತು. ಹೆಂಚು, ಗೋಡೆ ಉಳ್ಕೊಂಡದೆ.’ ಕರಿಯಯ್ಯನ ವಿಷಯ ಹೇಳಿದ. ಚಿಕ್ಕಬಸಪ್ಪನವರು ತಕ್ಕಡಿ ಕೆಳಗಿಟ್ಟರು.

‘ನಾನು ಆ ಅರ್ಥದಲ್ಲಿ ಮಾಡ್ಲಿಲ್ಲಪ್ಪ.’

‘ಗೊತ್ತು ಸಾ.’

‘ತೆಗುದ್ರೆ ಮಹಾಸಭೇಲಿ ಸೋಲ್ತೀವಿ. ಬಿದ್ದೋಗುತ್ತೆ.’

‘ಬಿದ್ರೆ ಲೈಬ್ರರಿಯಾಗೇ ಬೀಳ್ಲಿ ಸಾ.’

ಚಿಕ್ಕಬಸಪ್ಪನವರಿಗೆ ಕೋಪ ಬಂತು. ಹಾಗಿದ್ದರೆ ನೀನುಂಟು ನಿನ್ನ ಲೈಬ್ರರಿಯುಂಟು ಎಂದು ಮತ್ತೆ ಮೊಳೆ ತೂಗತೊಡಗಿದರು.

ಕಲ್ಲನ್ನು ತಾನೇ ಎತ್ತುವಷ್ಟು ದಡ್ಡನಲ್ಲ ನಟರಾಜ್. ಬುದ್ಧನ ಪಟದವನು, ಅದೂ ಆ ಕೇರಿಯವನು, ದೇವರನ್ನು ಎತ್ತಿದನಂತೆ ಎಂಬ ಒಂದು ಮಾತು ಸಾಕು, ಲೈಬ್ರರಿಯ ಜೊತೆಗೆ ಊರಿನ ನೆಮ್ಮದಿಯೂ ಹೋಗುತ್ತದೆ. ಅವನು ನೇರವಾಗಿ ಮಲ್ಲಾಜಮ್ಮನ ಬುಟ್ಟಿಯ ಮುಂದೆ ಹೋಗಿ ಕೂತ. ಆಕೆಯ ಬಾಯಿಗೆ ಹೊಳೆದಾರಿಯೇ ಹೆದರುತ್ತದೆ. ಮೊದಲು ಚೆನ್ನಾಗಿ ಬಯ್ದಳು. ಬಯ್ಗುಳ ಮುಗಿಯುವವರೆಗೂ ಅವನು ಕಾದ. ಆಮೇಲೆ, ‘ಅಕ್ಕಾ, ಕರಿಯಯ್ಯ ಮಾವ ಇವತ್ತು ಹೊರಗ್ ನಿಂತ್ಕೊಂಡು ಓದ್ದ’ ಎಂದ.

ಮಲ್ಲಾಜಮ್ಮ ಹೂ ಕಟ್ಟುವುದನ್ನು ನಿಲ್ಲಿಸಿದಳು.

‘ಯಾಕಂತೆ?’

‘ದೇವ್ರು ಕೂತವ್ನಲ್ಲ, ಅದ್ಕೆ.’

ಕೈಯಲ್ಲಿದ್ದ ಹೂವನ್ನು ಬುಟ್ಟಿಗೆ ಹಾಕಿದಳು. ‘ನಾನು ಒಳ್ಳೇದಾಗ್ಲಿ ಅಂತ ಮಡುಗ್ದೆ’ ಎಂದಳು. ಎದ್ದು, ಸೆರಗು ಸೊಂಟಕ್ಕೆ ಸಿಕ್ಕಿಸಿ ಬಂದಳು. ಪಂಚೆಯವನು ಅಡ್ಡ ಬಂದಾಗ, ‘ತಂದೋಳು ನಾನು, ನೀನ್ಯಾವನ್ಲಾ ಕೇಳಾಕೆ?’ ಎಂದಳು. ಅವನು ಸರಿದ. ಕಲ್ಲನ್ನು ಹೊಸ ಟವಲಿನಲ್ಲಿ ಸುತ್ತಿ ಮಗುವಿನಂತೆ ಎತ್ತಿಕೊಂಡು ಹೊಳೆಗೆ ನಡೆದಳು. ನೋಡಿದವರು ಕೈ ಮುಗಿದರು. ನೀರಿಗೆ ಬಿಟ್ಟು ಬಂದು, ಒದ್ದೆ ಕೈ ಒರೆಸಿಕೊಳ್ಳುತ್ತಾ, ‘ದೇವ್ರನ್ ಕಳ್ಸಾಯ್ತು. ಈಗ ಈ ಮನೆ ಯಾರ್ ಕಾಯ್ತಾರೆ?’ ಎಂದು ಕೇಳಿದಳು.

‘ನೀವೇ ಕಾಯ್ಬೇಕು. ಮೆಂಬರ್ ಆಗಿ.’

ಮಲ್ಲಾಜಮ್ಮ ಹೊಳೆದಾರಿಗೆಲ್ಲ ಕೇಳುವಂತೆ ನಕ್ಕಳು. ಆದರೆ ಬಂದಳು. ಸಂಘದ ನಿಯಮದಂತೆ ವಾಚನಾಲಯಕ್ಕೆ ದಿನಾ ಬರುವ ಯಾರನ್ನಾದರೂ ಸದಸ್ಯರನ್ನಾಗಿ ಸೇರಿಸಿಕೊಳ್ಳಬಹುದಿತ್ತು, ಸದಸ್ಯರ ಪುಸ್ತಕ ನಟರಾಜನ ಹತ್ತಿರವೇ ಇತ್ತು. ಸುಮ್ಮನೆ ಹೆಬ್ಬೆಟ್ಟು ಒತ್ತಿಸಿಕೊಳ್ಳಲು ಮಾತ್ರ ನಟರಾಜ್ ಒಪ್ಪಲಿಲ್ಲ. ಬಂದು ಕೂರಬೇಕು ಎಂದ. ಬೆಳಗಿನ ವ್ಯಾಪಾರ ಇಳಿದ ಮೇಲೆ ಹೂವಿನವರು, ಕಾಯಿಯವರು, ತೆಪ್ಪದವರು ಬರತೊಡಗಿದರು. ಅವರಿಗೆ ಓದಿ ಹೇಳುವವರು ಬೇಕಲ್ಲ? ನಟರಾಜ್ ಕರಿಯಯ್ಯನ ಮನೆಗೇ ಹೋಗಿ, ‘ಮಾವ, ನೀನ್ ಬರ್ದಿದ್ರೆ ಜನ ವಾಪಸ್ ಓಯ್ತಾರೆ’ ಎಂದ. ಇಂಥ ಕರೆಗೆ ಕರಿಯಯ್ಯ ಬರದೆ ಇರುತ್ತಾನೆಯೇ? ಗಂಟಲು ಸರಿಮಾಡಿಕೊಂಡೇ ಬಂದ. ಬೋರ್ಡೂ ಗಂಟೆಯೂ ಇಳಿದಿದ್ದವು. ಗುಂಡುಮೇಜಿನ ಸುತ್ತ ಜಾಗ ಸಾಲದೆ ಹಿಂದೆ ಬೆಂಚು ಹಾಕಬೇಕಾಯಿತು. ಮಲ್ಲಿಗೆಯ ರೇಟಿನ ಸುದ್ದಿ ಬಂದರೆ ಮಲ್ಲಾಜಮ್ಮ ಪೇಪರಿನವರಿಗೇ ಬಯ್ಯುತ್ತಿದ್ದಳು. ಮೌನವಾಗಿರಿ ಎಂಬ ಹಳೆಯ ಫಲಕದ ಕೆಳಗೆ ದಿನಾ ಅಷ್ಟು ಗಲಾಟೆ. ಚೈತ್ರ ಕಿವಿಗೆ ಹತ್ತಿ ಇಟ್ಟುಕೊಂಡು ಓದಿದಳು.

ದೇವರು ಹೋದದ್ದೇ ತಡ, ಕಂಪನಿಯವರು ಮತ್ತೆ ಫೋನೆತ್ತಿದರು. ಮಹಾಸಭೆಯ ದಿನ ಬಂತು. ಸಂಬಳ ತೆಗೆದುಕೊಳ್ಳುವವನಿಗೆ ಸಭೆಯಲ್ಲಿ ಕೈ ಎತ್ತುವ ಹಕ್ಕಿಲ್ಲ. ನಟರಾಜ್ ಬೀರುವಿಗೆ ಒರಗಿ ನಿಂತ, ಎರಡೂ ಕೈ ಹಿಂದೆ ಕಟ್ಟಿಕೊಂಡು. ಚಿಕ್ಕಬಸಪ್ಪನವರು ಮುಖ ಗಂಟು ಹಾಕಿಕೊಂಡು ಅಧ್ಯಕ್ಷತೆ ವಹಿಸಿದ್ದರು. ಅಂಗಡಿಯ ಆ ಸಂಜೆಯ ನಂತರ ಅವರು ನಟರಾಜನ ಜೊತೆ ಮಾತು ಬಿಟ್ಟಿದ್ದರು. ಜಗನ್ ಎದ್ದು ಚಿತ್ರ ತೋರಿಸಿದ, ಸೋರುವ ಮಾಡು ತೋರಿಸಿದ, ಬೆಂಚುಗಳ ಕಡೆ ತಿರುಗಿ, ‘ತಪ್ಪು ತಿಳ್ಕೋಬೇಡಿ, ಓದಕ್ಕೇ ಬರದೋರು ಲೈಬ್ರರಿ ಮೆಂಬರ್ ಅಂದ್ರೆ ಹೆಂಗೆ?’ ಎಂದ.

ಮಲ್ಲಾಜಮ್ಮ ಕೂತಲ್ಲಿಂದಲೇ ಹೇಳಿದಳು: ‘ಕೇಳಕ್ ಬತ್ತದಲ್ಲಪ್ಪ. ಕೈ ಎತ್ತಕ್ಕೂ ಬತ್ತದೆ.’

ಕೆಡವಬೇಕೆನ್ನುವವರ ಕೈಗಳು ಮೊದಲು ಎದ್ದವು. ಅವು ಕಡಿಮೆಯೇನಿರಲಿಲ್ಲ. ಆಮೇಲೆ ಉಳಿಸಬೇಕೆನ್ನುವವರು ಎಂದು ಚಿಕ್ಕಬಸಪ್ಪನವರು ಕೇಳಿದರು. ಅರಿಶಿನ ಹತ್ತಿದ ಕೈ, ಹೂ ಕಟ್ಟಿ ಹಸಿರಾದ ಬೆರಳು, ತೆಪ್ಪದ ಹುಟ್ಟು ಹಿಡಿದು ಗಟ್ಟಿಯಾದ ಅಂಗೈ, ಚೈತ್ರಳ ಪೆನ್ನು ಹಿಡಿದ ಕೈ, ಬೆಂಚಿನಿಂದ ಬೆಂಚಿಗೆ ಎದ್ದವು. ಎಣಿಸುವ ಅಗತ್ಯವೇ ಬೀಳಲಿಲ್ಲ, ಆದರೂ ಎಣಿಸಿದರು. ಕೊನೆಗೆ ಚಿಕ್ಕಬಸಪ್ಪನವರು ನಟರಾಜನ ಕಡೆ ನೋಡದೆ ತಮ್ಮ ಕೈಯನ್ನೂ ಎತ್ತಿ, ‘ಕಟ್ಟಡ ಇರುತ್ತೆ. ಮಾಡು ರಿಪೇರಿ ಮಾಡ್ಸೋದು’ ಎಂದು ಬರೆಸಿದರು. ಜಗನ್ ಚಿತ್ರ ಸುತ್ತಿಕೊಂಡ. ಹೆಂಚಿನ ಕೆಲಸಕ್ಕೆ ಒಳ್ಳೆ ಮೇಸ್ತ್ರಿ ತನಗೆ ಗೊತ್ತೆಂದು ಯಾರ ಹತ್ತಿರವೋ ಹೇಳುತ್ತಿದ್ದ.

ಸಭೆ ಮುಗಿದರೂ ದೊಡ್ಡವರು ಯಾರೂ ಏಳಲಿಲ್ಲ. ಗುಂಡುಮೇಜಿನ ಸುತ್ತ ಚಿಕ್ಕಬಸಪ್ಪನವರು, ಪೇಟೆಯ ನಾಲ್ಕು ಜನ, ಜಗನ್‌ನ ಕಡೆಯವರು, ಟೀ ತರಿಸಿಕೊಂಡು ಮಳೆಯ ಮಾತಿಗಿಳಿದಿದ್ದರು. ಕರಿಯಯ್ಯ ಬೆಂಚಿನಿಂದೆದ್ದ. ಕಾಲಿನಲ್ಲಿ ಚಪ್ಪಲಿ, ಕಂಕುಳಲ್ಲಿ ಅವತ್ತಿನ ಪೇಪರು. ಸಭೆಯ ದೆಸೆಯಿಂದ ಬೆಳಗಿನಿಂದ ಓದಲು ಸಿಕ್ಕಿರಲಿಲ್ಲ, ಮುಖದಲ್ಲಿ ಅಸಮಾಧಾನ ಎದ್ದು ಕಾಣುತ್ತಿತ್ತು. ಚಿಕ್ಕಬಸಪ್ಪನವರ ಕುರ್ಚಿಯ ಪಕ್ಕ ಬಂದು ನಿಂತ.

‘ಸಾ, ಮೀಟಿಂಗ್ ಆಯ್ತಲ್ಲ. ವಸಿ ಅತ್ಲಾಗ್ ಸರ್ಕಳಿ, ಪೇಪರ್ ಓದ್ಬೇಕು. ಜನ ಕಾಯ್ತಾವ್ರೆ.’

ಚಿಕ್ಕಬಸಪ್ಪನವರು ಲೋಟ ಎತ್ತಿಕೊಂಡು, ಕುರ್ಚಿ ಎಳೆದುಕೊಂಡು, ಸರಿದು ಕೂತರು.